ಎಲೆಯುದುರಿನಂಥ ಸಾವು: ಜೀವಕೋಶದ ಮರಣವನ್ನು ಗುರುತಿಸಲು ಕಲಿತ ಕತೆ

ರಾಜ್ಯೋತ್ಸವದ ಸ್ಮರಣ ಸಂಚಿಕೆಯಲ್ಲಿ ಸಾವಿನ ಮಾತೇಕೆ ಎಂದು ವಾಚಕರು ಹುಬ್ಬೇರಿಸುವುದು ಸಹಜವೇ ಸರಿ. ಕದಂಬರ ಶಾಸನ, ಹಂಪೆಯ ವೈಭವ, ಕಿತ್ತೂರಿನ ಕಾಳಗ, ಇವು ಇಂಥ ಸಂಚಿಕೆಗೆ ಒಪ್ಪುವ ಚರಿತ್ರೆಗಳು. ಅವನ್ನು ನಮಗಿಂತ ಚೆನ್ನಾಗಿ ಬರೆಯಬಲ್ಲ ಹಿರಿಯರು ಕನ್ನಡಿಗರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾವಾದರೋ ವಾಣಿಜ್ಯಶಾಸ್ತ್ರ ಓದಿ, ಬ್ಯಾಂಕಿನ ಮೇಜಿನ ಹಿಂದೆ ಕುಳಿತು, ಜಮಾಖರ್ಚಿನ ಅಂಕಿಗಳನ್ನು ತಾಳೆ ನೋಡುವ ಗುಮಾಸ್ತರು. ಆದರೂ ಅರಸರಿಗೆ ಚರಿತ್ರೆ ಇರುವಂತೆ ಅರಿವಿಗೂ ಒಂದು ಚರಿತ್ರೆಯುಂಟು. ಆ ಚರಿತ್ರೆಯ ಒಂದು ಅಧ್ಯಾಯವು ಇಂದು ನಮ್ಮ ನಮ್ಮ ಮನೆಗಳ ಬಾಗಿಲಿಗೆ, ಪ್ರಯೋಗಶಾಲೆಯ ವರದಿಯ ರೂಪದಲ್ಲಿಯೋ ಜಾಹೀರಾತಿನ ರೂಪದಲ್ಲಿಯೋ, ಬಂದು ನಿಂತಿದೆ. ಆದುದರಿಂದ ಅದನ್ನು ಕನ್ನಡದಲ್ಲಿ ಹೇಳಿಕೊಳ್ಳುವುದು ಅಗತ್ಯವೆಂದು ಭಾವಿಸಿ ಈ ಲೇಖನಕ್ಕೆ ಕೈಹಾಕಿದ್ದೇವೆ.

ನಮ್ಮ ದೇಹವು ಜೀವಕೋಶಗಳಿಂದ ಆದದ್ದು ಎಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಈ ಕೋಶಗಳಲ್ಲಿ ಸಾವಿರಾರು ಕೋಟಿ ಕೋಶಗಳು ದಿನವೂ ಸಾಯುತ್ತವೆ ಎಂಬುದನ್ನು, ಅವು ಸಾಯುವುದರಿಂದಲೇ ನಾವು ಬದುಕಿರುತ್ತೇವೆ ಎಂಬುದನ್ನು, ಬಲ್ಲವರು ಕಡಿಮೆ. ತಾಯಿಯ ಗರ್ಭದಲ್ಲಿ ಮಗುವಿನ ಕೈ ಮೊದಲು ಹುಟ್ಟಿನಂತೆ ಚಪ್ಪಟೆಯಾಗಿರುತ್ತದೆ. ಬೆರಳುಗಳ ನಡುವಿನ ಕೋಶಗಳು ಸತ್ತು ತೆರವು ಮಾಡಿಕೊಟ್ಟ ಮೇಲೆ ಐದು ಬೆರಳು ಬೇರೆ ಬೇರೆಯಾಗುತ್ತವೆ. ಬಾತುಕೋಳಿಯ ಕಾಲಿನಲ್ಲಿ ಆ ಸಾವು ಅಷ್ಟಾಗಿ ನಡೆಯುವುದಿಲ್ಲ. ಆದುದರಿಂದಲೇ ಅದಕ್ಕೆ ಈಜುವ ಜಾಲಪಾದ. ಈ ಬಗೆಯ ಸಾವಿಗೆ ವಿಜ್ಞಾನಿಗಳು ‘ಯೋಜಿತ ಕೋಶಮರಣ’ ಎನ್ನುತ್ತಾರೆ. ಇದನ್ನು ಬೇರೆ ಬಗೆಯ ಸಾವಿನಿಂದ ಬೇರ್ಪಡಿಸಿ ಗುರುತಿಸಲು ಮನುಷ್ಯನಿಗೆ ನೂರೈವತ್ತು ವರ್ಷ ಹಿಡಿಯಿತು.

ಎರಡು ಬಗೆಯ ಸಾವು

ನಮ್ಮ ಕಸುಬಿನ ಮಾತಿನಲ್ಲಿಯೇ ಹೇಳುವುದಾದರೆ, ಬ್ಯಾಂಕಿನ ಖಾತೆಯೊಂದು ಇಲ್ಲವಾಗುವುದಕ್ಕೆ ಎರಡು ದಾರಿಗಳುಂಟು. ಒಂದು, ಖಾತೆದಾರನೇ ಅರ್ಜಿ ಕೊಟ್ಟು, ಬಾಕಿ ಪಡೆದು, ಚೆಕ್‌ಬುಕ್ಕು ಹಿಂತಿರುಗಿಸಿ, ಲಾಕರು ತೆರವು ಮಾಡಿ, ಸಹಿ ಹಾಕಿ ಹೋಗುವುದು. ಲೆಜರಿನಲ್ಲಿ ಒಂದು ಗೆರೆ ಬೀಳುತ್ತದೆ. ಪಕ್ಕದ ಖಾತೆಗೆ ಯಾವ ತೊಂದರೆಯೂ ಇಲ್ಲ. ಇನ್ನೊಂದು, ರಾತ್ರಿ ಕನ್ನ ಬಿದ್ದು, ಬಾಗಿಲು ಮುರಿದು, ಕಾಗದ ಪತ್ರಗಳು ಬೀದಿಯಲ್ಲಿ ಹಾರಾಡುವುದು. ಆಗ ಪೊಲೀಸರು ಬರುತ್ತಾರೆ, ಜನ ಸೇರುತ್ತಾರೆ, ಓಣಿಯೆಲ್ಲ ಗದ್ದಲ.

ಜೀವಕೋಶದ ಸಾವೂ ಹೀಗೆಯೇ. ಸುಟ್ಟಗಾಯ, ವಿಷ, ರಕ್ತಸಂಚಾರ ನಿಂತುಹೋಗುವುದು ಮುಂತಾದ ಕಾರಣಗಳಿಂದ ಸಾಯುವ ಕೋಶವು ಊದಿಕೊಂಡು ಒಡೆದು, ತನ್ನೊಳಗಿನದನ್ನೆಲ್ಲ ಸುತ್ತಲೂ ಚೆಲ್ಲುತ್ತದೆ. ಅದನ್ನು ಕಂಡು ದೇಹದ ಕಾವಲುಪಡೆ ಓಡಿ ಬರುತ್ತದೆ, ಉರಿಯೂತ ಏಳುತ್ತದೆ. ಇದಕ್ಕೆ ವೈದ್ಯರು ನೆಕ್ರೋಸಿಸ್ ಎನ್ನುತ್ತಾರೆ. ಯೋಜಿತ ಮರಣದಲ್ಲಾದರೋ ಕೋಶವು ಊದುವುದಿಲ್ಲ, ಕುಗ್ಗುತ್ತದೆ. ಅದರ ಕೇಂದ್ರದಲ್ಲಿರುವ ವಂಶವಸ್ತು ಒತ್ತೊತ್ತಾಗಿ ಮುದುಡಿ ತುಂಡಾಗುತ್ತದೆ. ಕೋಶವು ಪೊರೆಯ ಚಿಕ್ಕ ಚಿಕ್ಕ ಗಂಟುಗಳಲ್ಲಿ ತನ್ನ ಸಾಮಾನನ್ನು ಕಟ್ಟಿಡುತ್ತದೆ. ನೆರೆಯ ಕೋಶಗಳು, ಇಲ್ಲವೆ ಭಕ್ಷಕ ಕೋಶಗಳು, ಆ ಗಂಟುಗಳನ್ನು ಸದ್ದಿಲ್ಲದೆ ನುಂಗಿ ಅರಗಿಸಿಕೊಳ್ಳುತ್ತವೆ. ಸದ್ದಿಲ್ಲದ ಈ ಸಾವನ್ನು ಕಾಣುವುದೇ ಕಷ್ಟವಾಗಿತ್ತು.

ಕಣ್ಣು ಮತ್ತು ಬಣ್ಣ

ಪ್ರಾಣಿಗಳೂ ಸಸ್ಯಗಳೂ ಕೋಶಗಳಿಂದ ಆದವು ಎಂಬ ಸಿದ್ಧಾಂತವನ್ನು ಜರ್ಮನಿಯ ಶ್ಲೈಡೆನ್ ಮತ್ತು ಶ್ವಾನ್ ಎಂಬುವರು ೧೮೩೮-೩೯ರಲ್ಲಿ ಮಂಡಿಸಿದರು. ಅದಾದ ಮೂರೇ ವರ್ಷಕ್ಕೆ, ೧೮೪೨ರಲ್ಲಿ, ಕಾರ್ಲ್ ಫೋಗ್ಟ್ ಎಂಬ ವಿದ್ವಾಂಸನು ಒಂದು ಜಾತಿಯ ನೆಲಗಪ್ಪೆಯ ಬೆಳವಣಿಗೆಯನ್ನು ಪರೀಕ್ಷಿಸುತ್ತ, ಮರಿಯ ಬೆನ್ನಿನ ಮೂಲದಂಡದ ಕೋಶಗಳು ಕಾಣೆಯಾಗಿ ಅವುಗಳ ಜಾಗಕ್ಕೆ ಬೆನ್ನುಮೂಳೆಯ ಕೋಶಗಳು ಬರುವುದನ್ನು ವರ್ಣಿಸಿದನು. ಕೋಶದ ಹುಟ್ಟನ್ನು ಅರಿಯುವ ಹೊಸ ಹುರುಪಿನಲ್ಲಿ ಕೋಶದ ಸಾವಿನ ಕಡೆಗೆ ಯಾರೂ ಹೆಚ್ಚು ಗಮನ ಕೊಡಲಿಲ್ಲ.

ಬಣ್ಣ ಹಾಕದ ಕೋಶವು ಸೂಕ್ಷ್ಮದರ್ಶಕದಲ್ಲಿ ನೀರಿನೊಳಗಿನ ಗಾಜಿನ ಚೂರಿನಂತೆ, ಇದ್ದೂ ಕಾಣದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಣ್ಣಗಾರಿಕೆಯ ರಸಾಯನಗಳು ಪ್ರಯೋಗಶಾಲೆಗೆ ಬಂದುವು. ಕೋಶದ ಒಳಗು ಕಣ್ಣಿಗೆ ಬಿತ್ತು. ಕೋಶವು ಇಬ್ಭಾಗವಾಗುವ ಕ್ರಮಕ್ಕೆ ೧೮೮೨ರಲ್ಲಿ ‘ಮೈಟೋಸಿಸ್’ ಎಂದು ಹೆಸರಿಟ್ಟ ವಾಲ್ಟರ್ ಫ್ಲೆಮಿಂಗನೇ, ೧೮೮೫ರಲ್ಲಿ, ಅಂಡಾಶಯದಲ್ಲಿ ಸಾಯುತ್ತಿರುವ ಕೋಶಗಳ ಕೇಂದ್ರವು ಮುದುಡಿ ತುಂಡಾಗುವುದನ್ನು ಕಂಡು ಚಿತ್ರ ಬರೆದನು. ಅದಕ್ಕೆ ‘ಕ್ರೊಮ್ಯಾಟೊಲೈಸಿಸ್’ ಎಂದು ಕರೆದನು. ಹುಟ್ಟಿಗೆ ಅವನಿಟ್ಟ ಹೆಸರು ಜಗತ್ತಿನ ಪಾಠಪುಸ್ತಕಗಳಲ್ಲಿ ನಿಂತಿತು. ಸಾವಿಗೆ ಅವನಿಟ್ಟ ಹೆಸರನ್ನು ಜಗತ್ತು ಮರೆಯಿತು. ೧೯೫೧ರಲ್ಲಿ ಕೇಂಬ್ರಿಜಿನ ಗ್ಲುಕ್ಸ್‌ಮನ್ ಎಂಬುವರು ಬೆಳೆಯುವ ಭ್ರೂಣಗಳಲ್ಲಿ ಎಲ್ಲೆಲ್ಲಿ ಕೋಶಗಳು ಸಾಯುತ್ತವೆಯೆಂದು ಉದ್ದದ ಪಟ್ಟಿ ಮಾಡಿ ಪ್ರಕಟಿಸಿದಾಗ ಈ ವಿಷಯಕ್ಕೆ ಮತ್ತೆ ಜೀವ ಬಂತು.

ಇದೇ ಕಾಲದ ಇನ್ನೊಂದು ಉಪಾಯವೆಂದರೆ ಟ್ರಿಪಾನ್ ನೀಲಿ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಟ್ರಿಪನೊಸೋಮ್ ಎಂಬ ರೋಗಾಣುವನ್ನು ಕೊಲ್ಲಲು ಹುಡುಕಿದ ಬಣ್ಣಗಳಲ್ಲಿ ಇದೂ ಒಂದು. ಹೆಸರೂ ಅಲ್ಲಿಂದಲೇ ಬಂದದ್ದು. ಬದುಕಿರುವ ಕೋಶದ ಪೊರೆ ಈ ನೀಲಿಯನ್ನು ಒಳಗೆ ಬಿಡದು. ಪೊರೆ ಹರಿದ ಕೋಶಕ್ಕೆ ಅದು ನುಗ್ಗಿ ನೀಲಿಯಾಗಿಸುತ್ತದೆ. ಬಿಳಿಯದನ್ನು ಒಂದು ಕಡೆ, ನೀಲಿಯದನ್ನು ಒಂದು ಕಡೆ ಎಣಿಸಿದರೆ ಲೆಕ್ಕ ಸಿಕ್ಕಿತು. ಇಂದಿಗೂ ಪ್ರಯೋಗಶಾಲೆಗಳಲ್ಲಿ ಮೊದಲ ಎಣಿಕೆ ಇದರಿಂದಲೇ. ಆದರೆ ಈ ಲೆಕ್ಕವು ಕೋಶ ಸತ್ತಿತು ಎಂದಷ್ಟೇ ಹೇಳುತ್ತದೆ. ಖಾತೆ ಮುಚ್ಚಿತೋ ಕನ್ನ ಬಿತ್ತೋ ಎಂಬುದನ್ನು ಹೇಳುವುದಿಲ್ಲ. ಅದಲ್ಲದೆ, ಯೋಜಿತ ಮರಣದ ಹಾದಿ ಹಿಡಿದ ಕೋಶದ ಪೊರೆ ಮೊದಮೊದಲು ಹರಿಯುವುದೇ ಇಲ್ಲ. ಆದ್ದರಿಂದ ಸಾಯಲು ಹೊರಟ ಕೋಶವನ್ನೂ ಅದು ಬದುಕಿದವರ ಪಟ್ಟಿಗೇ ಸೇರಿಸುತ್ತದೆ.

ರೇಷ್ಮೆಯ ಚಿಟ್ಟೆ, ಕಪ್ಪೆಯ ಬಾಲ

ರಾಮನಗರ, ಕೊಳ್ಳೇಗಾಲ, ಶಿಡ್ಲಘಟ್ಟಗಳ ಕಡೆಯಿಂದ ಬಂದ ನಮ್ಮ ಬಂಧುಗಳಿಗೆ ರೇಷ್ಮೆಹುಳುವಿನ ಕತೆ ಹೊಸದಲ್ಲ. ಹುಳುವು ಹಿಪ್ಪುನೇರಳೆಯ ಸೊಪ್ಪು ತಿಂದು ದಪ್ಪವಾಗಿ, ಚಂದ್ರಿಕೆಯ ಮೇಲೆ ಗೂಡು ಕಟ್ಟುತ್ತದೆ. ಅದರ ಮೈಯನ್ನು ಬಹುಪಾಲು ತುಂಬಿದ್ದ ರೇಷ್ಮೆಗ್ರಂಥಿಯು ನೂಲು ಮುಗಿದ ಮೇಲೆ, ಪೊರೆಹುಳುವಿನ ಅವಸ್ಥೆಯಲ್ಲಿ, ಕೆಲವೇ ದಿನಗಳಲ್ಲಿ ಕರಗಿ ಹೋಗುತ್ತದೆ. ಅದಕ್ಕೆ ರೋಗವಿಲ್ಲ, ಗಾಯವಿಲ್ಲ. ಕೆಲಸ ಮುಗಿಯಿತು, ಅಷ್ಟೆ. ತಲೆತಲಾಂತರದಿಂದ ರೈತನ ಮನೆಯಲ್ಲಿ ನಡೆಯುತ್ತ ಬಂದ ಈ ವಿದ್ಯಮಾನವೂ ಯೋಜಿತ ಕೋಶಮರಣವೇ.

ಅಮೆರಿಕದ ಹಾರ್ವರ್ಡಿನಲ್ಲಿ ರಿಚರ್ಡ್ ಲಾಕ್‌ಶಿನ್ ಎಂಬ ವಿದ್ಯಾರ್ಥಿ, ತನ್ನ ಗುರು ಕ್ಯಾರೊಲ್ ವಿಲಿಯಮ್ಸರೊಡನೆ, ರೇಷ್ಮೆಯ ಇನ್ನೊಂದು ಜಾತಿಯ ಚಿಟ್ಟೆಯನ್ನು ಪರೀಕ್ಷಿಸುತ್ತಿದ್ದನು. ಗೂಡಿನಿಂದ ಹೊರಬರಲು ಚಿಟ್ಟೆಗೆ ನೆರವಾದ ಹೊಟ್ಟೆಯ ಸ್ನಾಯುಗಳು, ಹೊರಬಂದ ಮೇಲೆ ಒಂದೆರಡು ದಿನಗಳಲ್ಲಿ ನಶಿಸುತ್ತಿದ್ದುವು. ೧೯೬೪-೬೫ರ ಇವರ ಲೇಖನಗಳಲ್ಲಿಯೇ ‘ಯೋಜಿತ ಕೋಶಮರಣ’ ಎಂಬ ಮಾತು ಮೊದಲು ಬಳಕೆಗೆ ಬಂದಿತು.

೧೯೬೬ರಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಅದನ್ನು ಮಾಡಿದವರು ಮುಂಬಯಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ಸಂಶೋಧನೆ ನಡೆಸುತ್ತಿದ್ದ ಜಮ್‌ಶೆಡ್ ಟಾಟಾ ಎಂಬ ವಿಜ್ಞಾನಿ. ಕಪ್ಪೆಯ ಗೊದಮೊಟ್ಟೆಗೆ ಬಾಲವಿರುತ್ತದೆ. ಕಪ್ಪೆಯಾಗುವಾಗ ಅದು ಕರಗುತ್ತದೆ. ಟಾಟಾ ಅವರು ಬಾಲವನ್ನು ಕತ್ತರಿಸಿ ಗಾಜಿನ ಬಟ್ಟಲಿನಲ್ಲಿ ಜೀವಂತವಾಗಿ ಇರಿಸಿ, ಥೈರಾಯ್ಡ್ ಹಾರ್ಮೋನನ್ನು ಹಾಕಿದರು, ಬಾಲ ಕುಗ್ಗಿತು. ಆಮೇಲೆ, ಕೋಶವು ಹೊಸ ಪ್ರೋಟೀನುಗಳನ್ನು ತಯಾರಿಸದಂತೆ ತಡೆಯುವ ಔಷಧವನ್ನು ಹಾರ್ಮೋನಿನ ಜೊತೆಗೆ ಹಾಕಿದರು, ಬಾಲ ಕುಗ್ಗಲಿಲ್ಲ! ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಕೆಲಸ ನಿಲ್ಲಿಸಿದರೆ ಸಾಯಬೇಕಾದ ಕೋಶವು, ಇಲ್ಲಿ ಕೆಲಸ ನಿಲ್ಲಿಸಿದ್ದರಿಂದ ಬದುಕಿತು. ಎಂದರೆ ಸಾಯುವುದೂ ಕೋಶಕ್ಕೆ ಒಂದು ಕೆಲಸ. ಅದಕ್ಕೂ ಆಜ್ಞೆ ಬೇಕು, ಸಾಮಗ್ರಿ ಬೇಕು. ಸಾವು ಬರಿಯ ಸೋಲಲ್ಲ ಎಂಬುದು ಪ್ರಯೋಗದಿಂದ ಸಿದ್ಧವಾಯಿತು.

ಹೆಸರಿಟ್ಟ ವರ್ಷ

ಆಸ್ಟ್ರೇಲಿಯದ ಜಾನ್ ಕೆರ್ ಎಂಬ ವೈದ್ಯರು ಅದೇ ದಶಕದ ಆರಂಭದಲ್ಲಿ ಲಂಡನ್ನಿಗೆ ಬಂದು, ಇಲಿಯ ಯಕೃತ್ತಿಗೆ ರಕ್ತವೊಯ್ಯುವ ನಾಳವೊಂದನ್ನು ಕಟ್ಟಿ, ಆಗುವ ಪರಿಣಾಮಗಳನ್ನು ಪರೀಕ್ಷಿಸಿದರು. ಕೆಲವೆಡೆ ಕೋಶಗಳು ಗುಂಪು ಗುಂಪಾಗಿ ಒಡೆದು ಸತ್ತಿದ್ದುವು. ಅದು ಗೊತ್ತಿದ್ದ ಸಾವು. ಬೇರೆಡೆ ಒಂಟೊಂಟಿಯಾಗಿ ಕೋಶಗಳು ಕುಗ್ಗಿ ದುಂಡಗಾಗಿದ್ದುವು. ಉರಿಯೂತದ ಸುಳಿವೇ ಇರಲಿಲ್ಲ. ಕೆರ್ ಇದಕ್ಕೆ ‘ಕುಗ್ಗುಸಾವು’ ಎಂಬರ್ಥದ ಹೆಸರಿಟ್ಟರು. ಊರಿಗೆ ಹಿಂತಿರುಗಿದ ಮೇಲೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ, ೧೯೩೧ರಲ್ಲಿ ಬರ್ಲಿನ್ನಿನಲ್ಲಿ ಕ್ನೋಲ್ ಮತ್ತು ರುಸ್ಕಾ ಎಂಬುವರು ರಚಿಸಿದ ಆ ಯಂತ್ರದ ಮುಂದಿನ ಪೀಳಿಗೆಯಲ್ಲಿ, ಈ ಕೋಶಗಳನ್ನು ನೋಡಿದಾಗ ಅವುಗಳ ಪೊರೆ ಹರಿಯದೆ ಇರುವುದೂ, ಗಂಟು ಕಟ್ಟಿದ ತುಂಡುಗಳನ್ನು ನೆರೆಕೋಶಗಳು ನುಂಗಿರುವುದೂ ನಿಚ್ಚಳವಾಗಿ ಕಂಡಿತು.

ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾನಿಲಯದ ಅಲಾಸ್ಟರ್ ಕರಿ ಮತ್ತು ಅವರ ಶಿಷ್ಯ ಆಂಡ್ರೂ ವೈಲಿ ಇಂಥದನ್ನೇ ಬೇರೆ ಅಂಗಗಳಲ್ಲಿ ಕಂಡಿದ್ದರು. ಮೂವರೂ ಸೇರಿ ೧೯೭೨ರಲ್ಲಿ ಬ್ರಿಟನ್ನಿನ ಕ್ಯಾನ್ಸರ್ ಪತ್ರಿಕೆಯೊಂದರಲ್ಲಿ ಲೇಖನ ಬರೆದರು. ಹೆಸರಿಗಾಗಿ ಅವರು ತಮ್ಮ ವಿಶ್ವವಿದ್ಯಾನಿಲಯದ ಗ್ರೀಕ್ ಭಾಷಾ ಪ್ರಾಧ್ಯಾಪಕ ಜೇಮ್ಸ್ ಕಾರ್ಮ್ಯಾಕರನ್ನು ಕೇಳಿದರು. ಅವರು ಸೂಚಿಸಿದ ಮಾತು ‘ಅಪಾಪ್ಟೋಸಿಸ್’. ಗ್ರೀಕರಲ್ಲಿ ಅದಕ್ಕೆ ಮರದಿಂದ ಎಲೆ ಉದುರುವುದು, ಹೂವಿನಿಂದ ಎಸಳು ಉದುರುವುದು ಎಂದರ್ಥ. ಎರಡನೆಯ ‘ಪ’ಕಾರವನ್ನು ಉಚ್ಚರಿಸಬಾರದೆಂದು ಲೇಖನದ ಅಡಿಯಲ್ಲಿ ಟಿಪ್ಪಣಿಯನ್ನೂ ಕೊಟ್ಟರು, ಜಗತ್ತು ಅದನ್ನು ಅರ್ಧ ಪಾಲಿಸಿತು, ಅರ್ಧ ಬಿಟ್ಟಿತು. ವೈದ್ಯರು ಭಾಷಾಪಂಡಿತನ ಮನೆಯ ಬಾಗಿಲು ತಟ್ಟಿದ ಈ ಪ್ರಸಂಗವನ್ನು ಭಾಷೆಯ ಅಭಿಮಾನಿಗಳಾದ ನಾವು ವಿಶೇಷವಾಗಿ ನೆನೆಯತಕ್ಕದ್ದು.

ಏಣಿಯ ಮೆಟ್ಟಿಲು

ಹೆಸರು ದೊರೆಯಿತಾದರೂ ಗುರುತಿಸುವುದಕ್ಕೆ ಇನ್ನೂ ನುರಿತ ಕಣ್ಣೇ ಬೇಕಿತ್ತು. ಒಬ್ಬ ಪರೀಕ್ಷಕನು ಹೌದೆಂದರೆ ಇನ್ನೊಬ್ಬನು ಅಲ್ಲವೆನ್ನಬಹುದು. ಯಾರು ನೋಡಿದರೂ ಒಂದೇ ಆಗಿ ಕಾಣುವ ರಾಸಾಯನಿಕ ಗುರುತು ಬೇಕಾಗಿತ್ತು. ಕೋಶಕೇಂದ್ರದಲ್ಲಿರುವ ಡಿಎನ್‌ಎ ಎಂಬ ಉದ್ದದ ಎಳೆಯು ಸರದಲ್ಲಿಯ ಮಣಿಗಳಂತೆ ಸಾಲಾಗಿರುವ ಪ್ರೋಟೀನಿನ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ವಿಕಿರಣ ತಾಗಿದ ಅಂಗಾಂಶದಲ್ಲಿ ಈ ಎಳೆಯು ಕ್ರಮವಾದ ತುಂಡುಗಳಾಗುತ್ತದೆಂದು ೧೯೭೬ರಲ್ಲಿ ಸ್ಕಾಲ್ಕಾ ಮತ್ತು ಅವರ ಜೊತೆಗಾರರು ತೋರಿಸಿದರು. ೧೯೮೦ರಲ್ಲಿ ವೈಲಿ ಅವರು, ಎದೆಯ ಮೇಲ್ಭಾಗದಲ್ಲಿರುವ ಥೈಮಸ್ ಗ್ರಂಥಿಯ ಕೋಶಗಳನ್ನು ಇಲಿಯಿಂದ ತೆಗೆದು, ಸ್ಟಿರಾಯ್ಡ್ ಔಷಧದಿಂದ ಅವು ಯೋಜಿತ ಮರಣ ಹೊಂದುವಂತೆ ಮಾಡಿ, ಡಿಎನ್‌ಎಯನ್ನು ಪರೀಕ್ಷಿಸಿದರು.

ಪರೀಕ್ಷೆಯ ಕ್ರಮ ಹೀಗೆ. ಸಮುದ್ರದ ಪಾಚಿಯಿಂದ ತೆಗೆದ ಅಗರೋಸಿನ ಲೋಳೆಯಂಥ ಹಲಗೆಯ ಒಂದು ತುದಿಯಲ್ಲಿ ಡಿಎನ್‌ಎಯನ್ನು ಇರಿಸಿ ವಿದ್ಯುತ್ತು ಹರಿಸುತ್ತಾರೆ. ಚಿಕ್ಕ ತುಂಡು ಬೇಗ ಓಡುತ್ತದೆ, ದೊಡ್ಡದು ಹಿಂದೆ ಉಳಿಯುತ್ತದೆ. ಆಮೇಲೆ ಬಣ್ಣ ಹಾಕಿ ನೇರಳಾತೀತ ಬೆಳಕಿನಲ್ಲಿ ನೋಡುತ್ತಾರೆ. ಕನ್ನ ಬಿದ್ದ ಕೋಶದ ಡಿಎನ್‌ಎ ಹೇಗೆಂದರೆ ಹಾಗೆ ಹರಿದು, ಹಲಗೆಯ ಮೇಲೆ ಬಳಿದ ಮಸಿಯಂತೆ ಕಾಣುತ್ತದೆ. ಯೋಜಿತ ಮರಣದಲ್ಲಾದರೋ ಕೋಶದ ಸ್ವಂತ ಕತ್ತರಿಯು ಮಣಿಗೂ ಮಣಿಗೂ ನಡುವೆ ಮಾತ್ರ ಕತ್ತರಿಸಿರುತ್ತದೆ. ಆದ್ದರಿಂದ ತುಂಡುಗಳು ಸುಮಾರು ೧೮೦ರಿಂದ ೨೦೦ ಅಕ್ಷರಗಳ ಒಂದುಪಟ್ಟು, ಎರಡುಪಟ್ಟು, ಮೂರುಪಟ್ಟು ಎಂಬಂತೆ ಮಗ್ಗಿಯ ಲೆಕ್ಕದಲ್ಲಿ ಇದ್ದು, ಹಲಗೆಯ ಮೇಲೆ ಏಣಿಯ ಮೆಟ್ಟಿಲುಗಳಾಗಿ ಹೊಳೆಯುತ್ತವೆ. ಆ ಕತ್ತರಿಯಾದ ಕಿಣ್ವವನ್ನು ಜಪಾನಿನ ಶಿಗೆಕಾಜು ನಗಾಟ ಅವರ ತಂಡವು ೧೯೯೮ರಲ್ಲಿ ಗುರುತಿಸಿತು.

ಲೆಕ್ಕ ತಪ್ಪದ ಹುಳು

ಈ ನಡುವೆ ಕೇಂಬ್ರಿಜಿನಲ್ಲಿ ಸಿಡ್ನಿ ಬ್ರೆನ್ನರ್ ಒಂದು ಮಿಲಿಮೀಟರ್ ಉದ್ದದ ಪಾರದರ್ಶಕ ಹುಳುವನ್ನು ಸಾಕಿ ಅಧ್ಯಯನಕ್ಕೆ ಆರಿಸಿಕೊಂಡಿದ್ದರು. ಅವರ ಜೊತೆಗಾರ ಜಾನ್ ಸಲ್ಸ್ಟನ್, ಬಣ್ಣವನ್ನೇ ಹಾಕದೆ, ವಿಶೇಷ ಸೂಕ್ಷ್ಮದರ್ಶಕದಡಿಯಲ್ಲಿ ಜೀವಂತ ಹುಳುವನ್ನು ಗಂಟೆಗಟ್ಟಲೆ ನೋಡುತ್ತ, ಒಂದು ಮೊಟ್ಟೆಯಿಂದ ಪೂರ್ಣ ಹುಳುವಿನ ತನಕ ಪ್ರತಿಯೊಂದು ಕೋಶದ ವಂಶಾವಳಿಯನ್ನು ಬರೆದರು. ಲೆಕ್ಕ ಇಷ್ಟು: ಹುಟ್ಟುವ ದೇಹಕೋಶಗಳು ೧೦೯೦, ಸಾಯುವವು ೧೩೧, ಉಳಿಯುವವು ೯೫೯. ಯಾವ ಹುಳುವನ್ನು ನೋಡಿದರೂ ಅವೇ ೧೩೧ ಕೋಶಗಳು, ಅದೇ ಹೊತ್ತಿನಲ್ಲಿ, ಅದೇ ಜಾಗದಲ್ಲಿ ಸಾಯುತ್ತವೆ. ಒಂದು ಪೈಸೆಯೂ ವ್ಯತ್ಯಾಸವಿಲ್ಲದೆ ದಿನದ ಲೆಕ್ಕ ಮುಗಿದಾಗ ಗುಮಾಸ್ತರಾದ ನಮಗೆ ಆಗುವ ಸಮಾಧಾನವನ್ನು ನೆನೆದರೆ, ಈ ಅಂಕಿಯನ್ನು ಮೊದಲು ಕಂಡವರ ಹರ್ಷವನ್ನು ಊಹಿಸಬಹುದು.

ಅಮೆರಿಕದ ರಾಬರ್ಟ್ ಹಾರ್ವಿಟ್ಸ್ ಅವರು ಇದೇ ಹುಳುವಿನಲ್ಲಿ ಸಾವಿನ ಆಜ್ಞೆಯನ್ನು ಹೊತ್ತ ಜೀನುಗಳನ್ನು ೧೯೮೬ರಲ್ಲಿ ತೋರಿಸಿದರು. ಆ ಜೀನು ಕೆಟ್ಟ ಹುಳುವಿನಲ್ಲಿ ಸಾಯಬೇಕಾದ ಕೋಶಗಳು ಬದುಕಿ ಉಳಿದುವು. ೧೯೯೩ರಲ್ಲಿ ಮನುಷ್ಯನಲ್ಲಿಯೂ ಅದೇ ಮನೆತನದ ಪ್ರೋಟೀನು ಇರುವುದು ತಿಳಿಯಿತು. ೧೯೯೬ರಲ್ಲಿ ಈ ಮನೆತನಕ್ಕೆ ‘ಕ್ಯಾಸ್ಪೇಸ್’ ಎಂದು ನಾಮಕರಣವಾಯಿತು. ಬ್ರೆನ್ನರ್, ಸಲ್ಸ್ಟನ್, ಹಾರ್ವಿಟ್ಸ್ ಮೂವರಿಗೂ ೨೦೦೨ರ ನೊಬೆಲ್ ಪಾರಿತೋಷಕ ಸಂದಿತು. ಇತ್ತ ೧೯೮೮ರಲ್ಲಿ ಮೆಲ್ಬರ್ನಿನ ಡೇವಿಡ್ ವಾಕ್ಸ್, ಸೂಜನ್ ಕೋರಿ, ಜೆರಿ ಆಡಮ್ಸ್ ಅವರು ರಕ್ತದ ಒಂದು ಬಗೆಯ ಕ್ಯಾನ್ಸರಿನಲ್ಲಿ ಕಾಣುವ ಬಿಸಿಎಲ್-೨ ಎಂಬ ಜೀನು ಕೋಶಗಳನ್ನು ಹೆಚ್ಚು ಹುಟ್ಟಿಸುವುದಿಲ್ಲ, ಸಾಯಲು ಬಿಡುವುದಿಲ್ಲ ಎಂದು ತೋರಿಸಿದರು. ಕ್ಯಾನ್ಸರೆಂದರೆ ಕೋಶಗಳು ಮಿತಿಮೀರಿ ಹುಟ್ಟುವುದು ಎಂದಷ್ಟೇ ತಿಳಿದಿದ್ದ ಜಗತ್ತಿಗೆ, ಅದು ಸಾಯಲೊಲ್ಲದ ಕೋಶಗಳ ರೋಗವೂ ಹೌದೆಂದು ಅರಿವಾಯಿತು. ಆ ಬಿಸಿಎಲ್-೨ರ ಹಿಡಿತವನ್ನು ಸಡಿಲಿಸುವ ವೆನೆಟೊಕ್ಲ್ಯಾಕ್ಸ್ ಎಂಬ ಔಷಧಕ್ಕೆ ೨೦೧೬ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಎರಡು ಬೀಗದ ತಿಜೋರಿ

೧೯೯೦ರ ದಶಕವು ಪರೀಕ್ಷಾವಿಧಾನಗಳ ಸುಗ್ಗಿಯ ಕಾಲ. ೧೯೯೧ರಲ್ಲಿ ಇಟಲಿಯ ನಿಕೊಲೆಟ್ಟಿ ಮತ್ತು ಜೊತೆಗಾರರು, ಕೋಶಗಳನ್ನು ಒಂದೊಂದಾಗಿ ಬೆಳಕಿನ ಕಿರಣದ ಎದುರು ಹಾಯಿಸಿ ಎಣಿಸುವ ಯಂತ್ರದ ನೆರವಿನಿಂದ, ಡಿಎನ್‌ಎ ಕಡಿಮೆಯಾದ ಕೋಶಗಳನ್ನು ಬೇರ್ಪಡಿಸಿ ಎಣಿಸುವ ಸುಲಭ ಕ್ರಮವನ್ನು ಕೊಟ್ಟರು. ೧೯೯೨ರಲ್ಲಿ ಇಸ್ರೇಲಿನ ಗವ್ರಿಯೆಲಿ, ಶರ್ಮನ್, ಬೆನ್-ಸಾಸನ್ ಎಂಬುವರು ‘ಟನೆಲ್’ ಎಂಬ ಪರೀಕ್ಷೆಯನ್ನು ರೂಪಿಸಿದರು. ಹರಿದ ಬಟ್ಟೆಯ ಎಳೆಯ ತುದಿ ತುದಿಗೆ ಬಣ್ಣದ ಚೀಟಿ ಕಟ್ಟಿದಂತೆ, ತುಂಡಾದ ಡಿಎನ್‌ಎಯ ತುದಿಗಳಿಗೆ ಕಿಣ್ವವೊಂದು ಗುರುತಿನ ಅಕ್ಷರಗಳನ್ನು ಅಂಟಿಸುತ್ತದೆ. ಏಣಿಯ ಪರೀಕ್ಷೆಗೆ ಲಕ್ಷಾಂತರ ಕೋಶಗಳನ್ನು ಅರೆಯಬೇಕು. ಟನೆಲ್‌ನಲ್ಲಿ ಅಂಗಾಂಶದ ತೆಳುಹೋಳಿನಲ್ಲಿಯೇ ಇಂಥ ಕೋಶವೆಂದು ಬೆರಳಿಟ್ಟು ತೋರಿಸಬಹುದು.

ಆದರೆ ತುದಿಗಳು ಯೋಜಿತ ಮರಣದಲ್ಲಿ ಮಾತ್ರ ಏಳುವುದಿಲ್ಲ. ಒಡೆದು ಸತ್ತ ಕೋಶದಲ್ಲಿಯೂ ಏಳುತ್ತವೆ. ಹೋಳನ್ನು ಸರಿಯಾಗಿ ಕಾಪಾಡದಿದ್ದರೂ ಏಳುತ್ತವೆ. ಆದುದರಿಂದ ಇನ್ನೂ ಮುಂಚಿನ ಗುರುತು ಬೇಕಾಯಿತು. ಕೋಶದ ಪೊರೆಗೆ ಅಂಗಿಗಿರುವಂತೆ ಒಂದು ಒಳ ಅಸ್ತರು ಉಂಟು. ಅದರಲ್ಲಿ ಫಾಸ್ಫಟಿಡಿಲ್ ಸೆರೀನ್ ಎಂಬ ಕೊಬ್ಬು ಇರುತ್ತದೆ. ಸಾಯಲು ಹೊರಟ ಕೋಶವು ಈ ಅಸ್ತರನ್ನು ಹೊರಮಗ್ಗುಲಿಗೆ ತಿರುಗಿಸುತ್ತದೆ. ಅದನ್ನು ಕಂಡು ಭಕ್ಷಕ ಕೋಶವು ನುಂಗಲು ಬರುತ್ತದೆಂದು ೧೯೯೨ರಲ್ಲಿ ಫ್ಯಾಡಾಕ್ ಮತ್ತು ಜೊತೆಗಾರರು ತಿಳಿಸಿದರು. ೧೯೯೪-೯೫ರಲ್ಲಿ ಡಚ್ ವಿಜ್ಞಾನಿಗಳು, ಆ ಕೊಬ್ಬಿಗೆ ಅಂಟಿಕೊಳ್ಳುವ ಅನೆಕ್ಸಿನ್-೫ ಎಂಬ ಪ್ರೋಟೀನಿಗೆ ಹೊಳೆಯುವ ಬಣ್ಣ ಕಟ್ಟಿ ಪರೀಕ್ಷೆಯನ್ನು ರಚಿಸಿದರು.

ಇಲ್ಲಿಯೂ ಒಂದು ತೊಡಕು. ಪೊರೆ ಹರಿದ ಕೋಶದಲ್ಲಿ ಅನೆಕ್ಸಿನ್ ಒಳಕ್ಕೇ ನುಗ್ಗಿ ಅಸ್ತರಿಗೆ ಅಂಟಿಕೊಳ್ಳುತ್ತದೆ. ಅದಕ್ಕಾಗಿ ಎರಡನೆಯ ಬಣ್ಣವನ್ನೂ ಹಾಕುತ್ತಾರೆ. ಪ್ರೊಪಿಡಿಯಮ್ ಅಯೊಡೈಡ್ ಎಂಬ ಆ ಕೆಂಪು ಬಣ್ಣ, ಹರಿದ ಪೊರೆಯ ಮೂಲಕವೇ ಒಳಗೆ ಹೋಗಬಲ್ಲುದು. ಎರಡೂ ಇಲ್ಲದಿದ್ದರೆ ಕೋಶ ಬದುಕಿದೆ. ಅನೆಕ್ಸಿನ್ ಮಾತ್ರ ಇದ್ದರೆ ಯೋಜಿತ ಮರಣದ ಆರಂಭ. ಎರಡೂ ಇದ್ದರೆ ಸಾವು ಮುಗಿದಿದೆ. ಯಾವ ಬಗೆಯ ಸಾವೆಂದು ತಿಳಿಯಲು ಮತ್ತೊಂದು ಪರೀಕ್ಷೆ ಬೇಕು. ನಮ್ಮ ಬ್ಯಾಂಕಿನ ತಿಜೋರಿಗೆ ಎರಡು ಬೀಗದ ಕೈಗಳುಂಟು. ಒಂದು ಒಬ್ಬರ ಹತ್ತಿರ, ಇನ್ನೊಂದು ಮತ್ತೊಬ್ಬರ ಹತ್ತಿರ. ಒಬ್ಬರ ಮೇಲೆ ಅಪನಂಬಿಕೆಯಿಂದಲ್ಲ, ಒಂದೇ ಕೈ ತಪ್ಪಬಹುದು ಎಂಬ ವಿವೇಕದಿಂದ. ಜೀವಶಾಸ್ತ್ರಜ್ಞರೂ ಇದೇ ವಿವೇಕಕ್ಕೆ ಬಂದಿದ್ದಾರೆ. ಕೋಶಮರಣದ ಪರಿಭಾಷೆಯನ್ನು ಗೊತ್ತುಪಡಿಸುವ ಅಂತರರಾಷ್ಟ್ರೀಯ ಸಮಿತಿಯು ೨೦೦೯ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ತಿರುಳೂ ಅದೇ: ಒಂದೇ ಪರೀಕ್ಷೆಯನ್ನು ನಂಬಿ ತೀರ್ಪು ಕೊಡಬಾರದು.

ನಮ್ಮ ಸುತ್ತಮುತ್ತ

ಇದೆಲ್ಲ ದೂರದೇಶದ ಮಾತಾಯಿತೆಂದು ವಾಚಕರು ಬೇಸರಿಸಬಾರದು. ನಮ್ಮ ತಳೇಗಾಂವ ದಾಭಾಡೆಗೆ ಗಾಜಿನೊಡನೆ ಹಳೆಯ ನಂಟು. ಅಂತಾಜಿ ದಾಮೋದರ ಕಾಳೆಯವರು ಜನರಿಂದ ತಲೆಗೆ ಒಂದೊಂದು ಪೈಸೆ ಕೂಡಿಸಿದ ಪೈಸಾ ಫಂಡಿನಿಂದ, ಲೋಕಮಾನ್ಯ ತಿಲಕರ ಬೆಂಬಲದೊಡನೆ, ೧೯೦೮ರಲ್ಲಿ ಇಲ್ಲಿ ಗಾಜಿನ ಕಾರ್ಖಾನೆ ಆರಂಭವಾಯಿತು. ಜೀವಕೋಶವನ್ನು ಕಾಣುವ ಶಾಸ್ತ್ರವೆಲ್ಲ ಗಾಜಿನ ಮೇಲೆಯೇ ನಿಂತದ್ದು: ಗಾಜಿನ ಮಸೂರ, ಗಾಜಿನ ಪಟ್ಟಿ, ಗಾಜಿನ ಬಟ್ಟಲು. ಇಲ್ಲಿಂದ ಲೋಕಲ್ ಹತ್ತಿ ಶಿವಾಜಿನಗರಕ್ಕೆ ಇಳಿದರೆ, ಪುಣೆ ವಿಶ್ವವಿದ್ಯಾನಿಲಯದ ಆವರಣದಲ್ಲಿ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರವಿದೆ. ೧೯೮೦ರ ದಶಕದಲ್ಲಿ ಪ್ರಾಣಿಕೋಶಗಳನ್ನು ಬೆಳೆಸಿ ಒದಗಿಸುವ ರಾಷ್ಟ್ರೀಯ ವ್ಯವಸ್ಥೆಯಾಗಿ ಆರಂಭವಾದ ಈ ಸಂಸ್ಥೆಯ ಕೋಶಭಂಡಾರದಿಂದ ದೇಶದ ಪ್ರಯೋಗಶಾಲೆಗಳಿಗೆ ಜೀವಂತ ಕೋಶಗಳು ಹೋಗುತ್ತವೆ. ಅದೂ ಒಂದು ಬಗೆಯ ಬ್ಯಾಂಕೇ. ಠೇವಣಿ ಮಾತ್ರ ಬೇರೆ. ಪುಣೆಯ ಇನ್ನೊಂದು ವಿಜ್ಞಾನ ಸಂಸ್ಥೆಯಾದ ಐಸರ್‌ನಲ್ಲಿ, ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಓದಿದ ಎಲ್. ಎಸ್. ಶಶಿಧರ ಅವರು ಹಣ್ಣಿನ ನೊಣದ ರೆಕ್ಕೆ ಹೇಗೆ ರೂಪುಗೊಳ್ಳುತ್ತದೆ ಎಂಬುದನ್ನು ಹಲವು ವರ್ಷ ಅಧ್ಯಯನ ಮಾಡಿದರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಮೈಸೂರು ಅರಸು ಮನೆತನ ಕೊಟ್ಟ ಭೂಮಿಯಲ್ಲಿ ೧೯೦೯ರಲ್ಲಿ ಸ್ಥಾಪಿತವಾದದ್ದು. ಅಲ್ಲಿಯ ಸತೀಶ್ ರಾಘವನ್ ಮತ್ತು ಸಂಗಡಿಗರು ೨೦೧೨ರ ಡಿಸೆಂಬರಿನಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಎಸ್‌ಸಿಆರ್-೭ ಎಂಬ ವಸ್ತುವಿನ ವಿಷಯ ಪ್ರಕಟಿಸಿದರು. ಕ್ಯಾನ್ಸರ್ ಕೋಶವು ತನ್ನ ತುಂಡಾದ ಡಿಎನ್‌ಎಯನ್ನು ಬೆಸೆದುಕೊಳ್ಳುವುದನ್ನು ಇದು ತಡೆಯುತ್ತದೆ. ದುರಸ್ತಿ ಕಾಣದ ಕೋಶವು ಯೋಜಿತ ಮರಣಕ್ಕೆ ಒಳಗಾಗುತ್ತದೆ. ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆ ತಗ್ಗಿತು, ಎಂಬುದು ಅದರ ಸಾರ. ೨೦೧೬ರಲ್ಲಿ ಬೇರೆ ದೇಶದ ವಿಜ್ಞಾನಿಗಳು ಆ ವಸ್ತುವಿನ ರಚನೆಯನ್ನೂ ಕೆಲಸವನ್ನೂ ಮರುಪರೀಕ್ಷೆ ಮಾಡಿ, ಅದು ಹೇಳಿದಷ್ಟು ನಿಖರವಲ್ಲವೆಂದು ಆಕ್ಷೇಪಿಸಿದರು. ಇದನ್ನು ಅವಮಾನವೆಂದು ತಿಳಿಯಬೇಕಾಗಿಲ್ಲ. ಒಬ್ಬರು ಬರೆದ ಲೆಕ್ಕವನ್ನು ಇನ್ನೊಬ್ಬರು ತಪಾಸಣೆ ಮಾಡುವುದೇ ವಿಜ್ಞಾನದ ನಡೆ. ತಪಾಸಣೆಯಿಲ್ಲದ ಲೆಕ್ಕವನ್ನು ಯಾವ ಬ್ಯಾಂಕೂ ಒಪ್ಪುವುದಿಲ್ಲ.

ಮನೆಯ ಮಾತು

ಇಷ್ಟು ದೂರ ಏಕೆ ಬಂದೆವೆಂಬುದನ್ನು ಈಗ ಹೇಳಬೇಕು. ಬ್ಯಾಂಕಿನ ಮೇಜಿನ ಎದುರು ಕುಳಿತ ನಾವು, ಕಾಯಿಲೆಗೆಂದು ಅವಧಿಗೆ ಮುಂಚೆ ಠೇವಣಿ ಮುರಿಸುವವರನ್ನು ಆಗಾಗ್ಗೆ ಕಾಣುತ್ತೇವೆ. ವಿಜಾಪುರದ ಕಡೆಯ ಯಜಮಾನರೊಬ್ಬರು, ಮನೆಯವರಿಗೆ ಬಂದ ಕ್ಯಾನ್ಸರಿಗಾಗಿ, ಮಗಳ ಮದುವೆಗೆಂದು ಇಟ್ಟಿದ್ದ ಠೇವಣಿಯನ್ನು ಮುರಿಸಲು ಬಂದಿದ್ದರು. ಆಸ್ಪತ್ರೆಗೆಷ್ಟು ಎಂದು ಕೇಳಿದೆವು. “ದವಾಖಾನಿಗೆ ಅಲ್ರೀ ಸಾಹೇಬ್ರ. ದವಾಖಾನಿ ಬಿಟ್ಟೇವ್ರಿ. ಹಣ್ಣಿನ ರಸದ್ದೊಂದು ಬಾಟ್ಲಿ ಬರ್ತೈತಿ. ಲ್ಯಾಬಿನಾಗ ಪರೀಕ್ಷಾ ಮಾಡ್ಯಾರಂತ, ಕ್ಯಾನ್ಸರಿನ ಕೋಶ ಸಾಯ್ತಾವಂತ. ಛಾಪಿಸಿದ ಕಾಗದನ ಐತ್ರಿ,” ಎಂದು ಜೇಬಿನಿಂದ ಮಡಿಸಿದ ಜಾಹೀರಾತನ್ನು ತೆಗೆದು ತೋರಿಸಿದರು.

ಆ ಕಾಗದದಲ್ಲಿ ಸುಳ್ಳು ಇದ್ದಿರಲಿಕ್ಕಿಲ್ಲ. ಲಕ್ಷ್ಮಣಫಲದ ರಸವಾಗಲಿ, ಅರಿಸಿನದ ಸಾರವಾಗಲಿ, ಗಾಜಿನ ಬಟ್ಟಲಿನಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆಂದು ಬರೆದ ಸಂಶೋಧನಾ ಲೇಖನಗಳು ನಿಜವಾಗಿಯೂ ಉಂಟು. ಆದರೆ ಬಟ್ಟಲಿನ ಕೋಶಕ್ಕೆ ಗಾಢವಾದ ಉಪ್ಪುನೀರು ಸುರಿದರೂ ಅದು ಸಾಯುತ್ತದೆ! ಈ ಲೇಖನದ ಚರಿತ್ರೆಯನ್ನು ಓದಿದ ವಾಚಕರು ಅಂಥ ಕಾಗದವನ್ನು ಕಂಡಾಗ ನಾಲ್ಕು ಪ್ರಶ್ನೆ ಕೇಳಬಲ್ಲರು. ಸಾವು ಕಂಡದ್ದು ಬಟ್ಟಲಿನಲ್ಲಿಯೋ, ಇಲಿಯಲ್ಲಿಯೋ, ಮನುಷ್ಯರಲ್ಲಿಯೋ? ಒಂದೇ ಪರೀಕ್ಷೆಯಿಂದ ಕಂಡದ್ದೋ, ಎರಡು ಮೂರು ಪರೀಕ್ಷೆಗಳು ತಾಳೆಯಾದುವೋ? ಅದೇ ರಸವನ್ನು ಆರೋಗ್ಯವಂತ ಕೋಶಕ್ಕೆ ಹಾಕಿದಾಗ ಅದರ ಗತಿ ಏನಾಯಿತು? ಬೇರೆಯವರು ಮತ್ತೊಮ್ಮೆ ಮಾಡಿ ನೋಡಿದರೋ? ಲಕ್ಷ್ಮಣಫಲದ ರಸದಿಂದ ಮನುಷ್ಯರ ಕ್ಯಾನ್ಸರು ಗುಣವಾಗುತ್ತದೆಂಬುದಕ್ಕೆ ಆಧಾರವಿಲ್ಲ.

ಇದರಿಂದ ನಾವು ಗಿಡಮೂಲಿಕೆಯನ್ನು ಹೀಗಳೆಯುತ್ತೇವೆಂದು ತಿಳಿಯಬಾರದು. ನಮ್ಮ ಅಂಗಳಗಳಲ್ಲಿ ಅರಳುವ ನಿತ್ಯಪುಷ್ಪದ ಜಾತಿಯ ಗಿಡದಿಂದಲೇ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಎಂಬ ಔಷಧಗಳು ೧೯೫೦-೬೦ರ ದಶಕಗಳಲ್ಲಿ ದೊರೆತುವು. ಮಕ್ಕಳ ರಕ್ತದ ಕ್ಯಾನ್ಸರಿಗೆ ವಿನ್‌ಕ್ರಿಸ್ಟಿನನ್ನು ಇಂದಿಗೂ ಕೊಡುತ್ತಾರೆ. ಆದರೆ ಅವು ಬಟ್ಟಲಿನಿಂದ ಇಲಿಗೆ, ಇಲಿಯಿಂದ ರೋಗಿಗೆ, ಅಳತೆ ತೂಕ ಗೊತ್ತಾಗಿ, ಎಲ್ಲ ಸಹಿಗಳೂ ಬಿದ್ದ ಮೇಲೆ ಬಂದಂಥವು. ಅರ್ಧದಾರಿಯ ಕಾಗದವನ್ನು ಪೂರ್ತಿ ಚೆಕ್ಕೆಂದು ನಗದು ಮಾಡಿಸಲಾಗದು. ಆ ಯಜಮಾನರಿಗೆ ಅಂದು ನಾವು ನಮ್ಮ ಮಾತಿನಲ್ಲಿ ಇಷ್ಟನ್ನೇ ಹೇಳಿದೆವು: ರಸ ಕುಡಿಸುವ ಮುಂಚೆ ಡಾಕ್ಟರನ್ನು ಕೇಳಿ, ಆಸ್ಪತ್ರೆಯನ್ನು ಮಾತ್ರ ಬಿಡಬೇಡಿ. ಕನ್ನಡದಲ್ಲಿ ಹೇಳಿದ್ದಕ್ಕೆ ಅವರು ಕುಳಿತು ಕೇಳಿದರು. ಠೇವಣಿ ಮುರಿಯಿತು, ಆದರೆ ಹಣ ಆಸ್ಪತ್ರೆಯ ಹೆಸರಿಗೆ ಹೋಯಿತು.

ಹೊರನಾಡಿನಲ್ಲಿರುವ ನಮಗೆ ವೈದ್ಯರ ಮಾತು ಇಂಗ್ಲಿಷಿನಲ್ಲಿ, ದಾದಿಯ ಮಾತು ಮರಾಠಿಯಲ್ಲಿ, ಅಳು ಮಾತ್ರ ಕನ್ನಡದಲ್ಲಿ ಎಂಬಂತಾಗಿದೆ. ಅರಿವೂ ಕನ್ನಡದಲ್ಲಿ ಬಂದರೆ ಅಳು ಸ್ವಲ್ಪ ತಗ್ಗೀತು. ೧೯೧೮ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ನಡೆಸಿ, ಕನ್ನಡಕ್ಕೆ ಈ ಶಕ್ತಿಯಿದೆಯೆಂದು ತೋರಿಸಿದ್ದರು. ಅಬರ್ಡೀನಿನ ವೈದ್ಯರಿಗೆ ಬೇಕಾದ ಮಾತು ಗ್ರೀಕಿನಲ್ಲಿ ಸಿಕ್ಕಿತು. ನಮಗೆ ಬೇಕಾದದ್ದು ನಮ್ಮ ಅಜ್ಜಿಯರ ಬಾಯಲ್ಲಿಯೇ ಇದೆ. ಹಣ್ಣೆಲೆ ಉದುರುವಾಗ ಚಿಗುರೆಲೆ ನಗುತ್ತದೆ ಎಂಬ ಗಾದೆಯನ್ನು ನಾವು ಇದುವರೆಗೆ ಮುಪ್ಪಿನ ಪರವಾದ ಎಚ್ಚರಿಕೆಯಾಗಿ ಬಳಸುತ್ತ ಬಂದಿದ್ದೇವೆ. ಜೀವಕೋಶದ ಪಾಲಿಗೆ ಅದು ನೇರವಾದ ಸತ್ಯ: ಹಣ್ಣೆಲೆ ಉದುರದಿದ್ದರೆ ಚಿಗುರಿಗೆ ಜಾಗವಿಲ್ಲ, ಉದುರಬೇಕಾದ ಎಲೆ ಉದುರೆನೆಂದು ಹಟ ಹಿಡಿದರೆ ಮರವೇ ಉಳಿಯದು. ಆದ್ದರಿಂದ ಈ ಮರಣವನ್ನು ‘ಉದುರುಸಾವು’ ಎಂದು ಕರೆಯೋಣವೆಂದು ವಿದ್ವಾಂಸರ ಮುಂದೆ ವಿನಯದಿಂದ ಸೂಚಿಸುತ್ತೇವೆ. ಇದಕ್ಕಿಂತ ಒಳ್ಳೆಯ ಮಾತು ಯಾರಿಗಾದರೂ ಹೊಳೆದರೆ ಮುಂದಿನ ವರ್ಷದ ಸಂಚಿಕೆಗೆ ಬರೆದು ಕಳುಹಿಸಬೇಕೆಂದು ಪ್ರಾರ್ಥಿಸುತ್ತೇವೆ.